ತೋಟದ ಗೋಮುಖವ್ಯಾಘ್ರ

ಮಡಿಕೇರಿಗೆ ಬಂದವರು ರಾಜಾಸೀಟಿನಲ್ಲಿ ನಿಂತು ಕಣಿವೆಯ ಮಂಜನ್ನು ಕಣ್ತುಂಬಿಕೊಳ್ಳುತ್ತಾರೆ. ಓಂಕಾರೇಶ್ವರನ ದರ್ಶನ ಮಾಡಿ, ಜೇನು ಕೊಂಡು ಊರಿಗೆ ಮರಳುತ್ತಾರೆ. ಅಂಗೈಯಗಲದ ಎಲೆಯೊಂದನ್ನು ಮಗುಚಿ ನೋಡುವ ವ್ಯವಧಾನ ಯಾರಿಗಿದೆ? ಅಲ್ಲಿಯೂ ಒಂದು ಕುರುಕ್ಷೇತ್ರ ನಡೆದಿರುತ್ತದೆ.

ಸಿದ್ಧಾಪುರದ ದಾರಿ ಹಿಡಿದು ಚೆಟ್ಟಳ್ಳಿಯತ್ತ ಹೊರಟರೆ ಇಕ್ಕೆಲಗಳಲ್ಲಿಯೂ ಕಾಫಿಯ ತೋಟಗಳು. 1946ರಲ್ಲಿ ಸ್ಥಾಪಿತವಾದ ಕಾಫಿ ಸಂಶೋಧನಾ ಉಪಕೇಂದ್ರವೂ ಇಲ್ಲಿಯೇ ಇದೆ. ಬೇಸಗೆಯಲ್ಲಿ, ಅದರಲ್ಲೂ ಹೂಮಳೆ ತಡವಾದ ವರ್ಷ, ಗಿಡದ ಗೆಣ್ಣುಗಳಲ್ಲಿ ಅಕ್ಕಿಹಿಟ್ಟು ಉದುರಿಸಿದಂತೆ ಬಿಳುಪು ಕಾಣಿಸಿಕೊಳ್ಳುತ್ತದೆ. ಅದು ಹಿಟ್ಟು ತಿಗಣೆ. ಮೊಗ್ಗು, ಎಳೆಗಾಯಿಗಳ ರಸ ಹೀರಿ ಫಸಲನ್ನು ಕೆಡಿಸುವ ಕ್ಷುದ್ರಜೀವಿ.

ಅದರ ವೈರಿ ಕಾಳುಮೆಣಸಿನ ಗಾತ್ರವನ್ನೂ ಮೀರದ ಒಂದು ಗುಲಗಂಜಿ ಹುಳು. ಬೆನ್ನು ಕಪ್ಪು, ತಲೆ ಕಿತ್ತಳೆ ಬಣ್ಣ. ತೌರು ಆಸ್ಟ್ರೇಲಿಯ. ಕಾಫಿಯ ಹಸಿರು ತಿಗಣೆಯನ್ನು ನಿಗ್ರಹಿಸಲೆಂದು 1898ರಲ್ಲಿ ಇದನ್ನು ದಕ್ಷಿಣ ಭಾರತಕ್ಕೆ ತರಿಸಿದರು. ವಹಿಸಿದ ಕಾರ್ಯ ಕೈಗೂಡಲಿಲ್ಲ. ಆದರೆ ಹುಳು ಹಿಟ್ಟು ತಿಗಣೆಯ ರುಚಿ ಹಿಡಿದು ಇಲ್ಲಿಯೇ ನೆಲೆಸಿತು. ಒಂದು ಕೆಲಸಕ್ಕೆ ನೇಮಕವಾಗಿ ಬಂದವರು ಇನ್ನೊಂದರಲ್ಲಿ ಹೆಸರು ಗಳಿಸುವುದು ನಮ್ಮ ಕಾಲೇಜುಗಳಲ್ಲಿಯೂ ಉಂಟು!

ಸೋಜಿಗವೆಲ್ಲ ಇದರ ಮರಿಯಲ್ಲಿದೆ. ಮೈತುಂಬ ಬಿಳಿಯ ಮೇಣದ ಎಳೆಗಳನ್ನು ಹೊದ್ದ ಅದು ಥೇಟು ಹಿಟ್ಟು ತಿಗಣೆಯಂತೆಯೇ ಕಾಣುತ್ತದೆ. ಅದೇ ವೇಷದಲ್ಲಿ ಹಿಂಡನ್ನು ಹೊಕ್ಕು ಮೊಟ್ಟೆಮರಿಗಳನ್ನು ನೂರುಗಟ್ಟಲೆ ಕಬಳಿಸುತ್ತದೆ. ಆದರೆ ಈ ವೇಷವೇ ಅದಕ್ಕೆ ಮೃತ್ಯುವೂ ಆಗುವುದುಂಟು. ನಾನು ಇಳಿದುಕೊಂಡಿದ್ದ ಮನೆಯ ಯಜಮಾನಿ ಅಂಗಳದ ದಾಸವಾಳದಿಂದ ದೊಡ್ಡ ಬಿಳಿ ಹುಳುಗಳನ್ನೇ ಆರಿಸಿ ಹೊಸಕುತ್ತಿದ್ದರು.

“ತಾಯೀ, ಚುರುಕಾಗಿ ಓಡಾಡುತ್ತಿದೆಯಲ್ಲ, ಅದನ್ನು ಬಿಟ್ಟುಬಿಡಿ. ಅದು ನಿಮ್ಮ ಪಕ್ಷದ್ದು” ಎಂದೆ.

ಅವರು ಕೈಬೆರಳನ್ನೊಮ್ಮೆ, ಗಿಡವನ್ನೊಮ್ಮೆ ನೋಡಿದರು. “ಅಯ್ಯೋ, ಒಂದು ವಾರದಿಂದ ಕಾವಲಿನವರನ್ನೇ ಕೊಲ್ಲುತ್ತಿದ್ದೆನೇ!”

ಇರುವೆಗಳಿಗಂತೂ ಈ ಕಾವಲು ಬೇಡ. ತಿಗಣೆ ಸ್ರವಿಸುವ ಸಿಹಿಯಂಟಿನ ಆಸೆಗೆ ಅವು ತಿಗಣೆಯನ್ನು ಹಸುವಿನಂತೆ ಸಾಕಿ, ಗುಲಗಂಜಿ ಹುಳುವನ್ನು ಅಟ್ಟುತ್ತವೆ. ಆದ್ದರಿಂದಲೇ ಬಲ್ಲ ಬೆಳೆಗಾರರು ಮೊದಲು ಇರುವೆಯನ್ನು ತಡೆಯುತ್ತಾರೆ. ಕಂಡಕಂಡಲ್ಲಿ ವಿಷ ಎರಚಿದರೆ ಮೇಣ ಹೊದ್ದ ತಿಗಣೆ ಉಳಿದು ಕಾವಲಿನವರೇ ಸಾಯುವ ಭಯವಿದೆ. ಪ್ರಯೋಗಾಲಯಗಳಲ್ಲಿ ಸಿಹಿಗುಂಬಳಕಾಯಿಯ ಮೇಲೆ ತಿಗಣೆ ಬೆಳೆಸಿ, ಅದನ್ನು ಉಣಿಸಿ ಈ ಹುಳುವನ್ನು ಸಾಕುತ್ತಾರೆ. ಬಳಿಕ ತೋಟಕ್ಕೆ ಬಿಡುತ್ತಾರೆ.

1983ರಲ್ಲಿ ವೆಸ್ಟ್ ಇಂಡೀಸಿನಿಂದ ಇನ್ನೊಬ್ಬ ನೆಂಟನನ್ನೂ ಕರೆಸಿದರು: ಲೆಪ್ಟೊಮ್ಯಾಸ್ಟಿಕ್ಸ್ ಎಂಬ ಪುಟ್ಟ ಕಣಜ. ಅದು ತಿಗಣೆಯ ಒಡಲಲ್ಲೇ ಮೊಟ್ಟೆಯಿಡುತ್ತದೆ. ಒಣಗಿದ ತಿಗಣೆಯ ಮೈಯಲ್ಲಿ ದುಂಡನೆಯ ರಂಧ್ರವೊಂದು ಕಂಡರೆ, ಒಳಗೆ ಬೆಳೆದ ಕಣಜ ಹಾರಿಹೋಗಿದೆಯೆಂದೇ ತಿಳಿಯಬೇಕು.