ಬೀಸೋದು ಐದೇ ನಿಮಿಷ

ಜೆಕಿಲ್ ನಿಧಾನ, ಹ್ಯೂಗೊ ಫಾಸ್ಟು. ಸ್ಟ್ಯಾಟಿಕ್ ಸೈಟ್ ಜನರೇಟರ್‌ಗಳ ಮಾತು ಬಂದಾಗಲೆಲ್ಲ ಯಾರಾದ್ರೂ ಇದನ್ನ ಗಾದೆ ಥರ ಹೇಳಿಬಿಡ್ತಾರೆ. ಸುಳ್ಳೇನಲ್ಲ. 2008ರ ಜೆಕಿಲ್ ರೂಬಿಯಲ್ಲಿ ಬರೆದದ್ದು. 2013ರ ಹ್ಯೂಗೊ ಗೋ ಭಾಷೆಯಲ್ಲಿ ಬರೆದು ಕಂಪೈಲ್ ಮಾಡಿದ ಒಂದೇ ಬೈನರಿ. ಎರಡಕ್ಕೂ ಸಾವಿರಾರು ಮಾರ್ಕ್‌ಡೌನ್ ಫೈಲು ಕೊಟ್ಟು ಎಚ್‌ಟಿಎಂಎಲ್ ಮಾಡಿಸಿದರೆ ಹ್ಯೂಗೊ ಸಲೀಸಾಗಿ ಗೆಲ್ಲುತ್ತೆ. ಆದರೆ ಆ ಒಂದು ಸಂಖ್ಯೆ ಹಿಡ್ಕೊಂಡು ಟೀಮಿಗೆ ಟೂಲ್ ಆರಿಸೋಕೆ ಹೊರಟರೆ ನನಗೆ ನಮ್ಮೂರಿನ ರಾಗಿ ಮಿಲ್ಲು ನೆನಪಾಗುತ್ತೆ.

ಹತ್ತು ಸೇರು ರಾಗಿ ಬೀಸೋಕೆ ಮಿಲ್ಲಿಗೆ ಐದು ನಿಮಿಷ ಸಾಕು. ಆದ್ರೆ ಅವ್ವ ನನ್ನ ಕಳಿಸಿದ್ರೆ ಅರ್ಧ ದಿನ ಹೋಗೋದು. ತ್ರೀ ಫೇಸ್ ಕರೆಂಟ್ ಬರಬೇಕು, ಸಾಲಲ್ಲಿಟ್ಟ ಡಬ್ಬಗಳೆಲ್ಲ ಮುಗೀಬೇಕು. ಮಿಲ್ಲಿಗೆ ಹೊಸ ಮೋಟರ್ ಬಂತು, ಬೀಸೋ ಹೊತ್ತು ಕಮ್ಮಿ ಆಯ್ತು. ನಾನು ಮನೆ ಸೇರೋ ಹೊತ್ತು ಮಾತ್ರ ಅಷ್ಟೇ ಇತ್ತು.

ಬಿಲ್ಡ್ ಸರ್ವರಿನಲ್ಲೂ ಇದೇ ಕತೆ. ಕ್ಯೂ, ರೆಪೊ ಕ್ಲೋನ್, ಲೈಬ್ರರಿಗಳ ಇನ್‌ಸ್ಟಾಲ್, ಫೋಟೊಗಳ ರೀಸೈಜ್, ಅಪ್‌ಲೋಡ್. ಮಾರ್ಕ್‌ಡೌನನ್ನು ಎಚ್‌ಟಿಎಂಎಲ್ ಮಾಡೋದು ಇವುಗಳ ನಡುವಿನ ಒಂದು ಹಂತ. ಬೆಂಚ್‌ಮಾರ್ಕ್ ಅಳೆಯೋದು ಹೆಚ್ಚಾಗಿ ಅದೊಂದನ್ನೇ.

ಕೊಡೋ ಫೈಲುಗಳೂ ಕಲ್ಲು ಮಣ್ಣು ಆರಿಸಿದ ರಾಗಿ ಥರ. ಎಲ್ಲದರಲ್ಲೂ ಅದೇ ಎರಡು ಪ್ಯಾರಾ ಡಮ್ಮಿ ಪಠ್ಯ. ನಿಜವಾದ ಸೈಟಿನಲ್ಲಿ ಬಣ್ಣ ಹಚ್ಚಬೇಕಾದ ಕೋಡ್ ಇರುತ್ತೆ, ಟೇಬಲ್ ಇರುತ್ತೆ, ಪ್ರತಿ ಪುಟದ ಕೆಳಗೆ ‘ಇದನ್ನೂ ಓದಿ’ ಅನ್ನೋ ಪಟ್ಟಿ ಇರುತ್ತೆ. ಆ ಪಟ್ಟಿಗಾಗಿ ಟೆಂಪ್ಲೇಟು ಪ್ರತಿ ಪುಟದಲ್ಲೂ ಉಳಿದ ಪುಟಗಳನ್ನೆಲ್ಲ ತಡಕಿದರೆ, 1000 ಪುಟಕ್ಕೆ ಹತ್ತಿರ ಹತ್ತಿರ 10 ಲಕ್ಷ ಸುತ್ತು. ಪುಟ ಎರಡರಷ್ಟಾದರೆ ಸುತ್ತು ನಾಲ್ಕರಷ್ಟು. ಇದಕ್ಕೆ ರೂಬಿಯನ್ನ ಬೈದು ಏನು ಪ್ರಯೋಜನ?

ಹಾಗಂತ ಅಳೆಯೋದೇ ಬೇಡ ಅಂತಲ್ಲ. ನಿಮ್ಮ ಸೈಟನ್ನೇ ಅಳೀರಿ. ಕ್ಯಾಶ್ ಅಳಿಸಿ ಒಂದು ಲೆಕ್ಕ, ಕ್ಯಾಶ್ ಉಳಿಸಿ ಇನ್ನೊಂದು. ಹೈಪರ್‌ಫೈನ್ ಥರದ ಟೂಲಿನಲ್ಲಿ ಹತ್ತು ಸಲ ಓಡಿಸಿ. ಜೆಕಿಲ್‌ಗೆ ಪ್ರೊಫೈಲ್, ಹ್ಯೂಗೊಗೆ ಟೆಂಪ್ಲೇಟ್ ಮೆಟ್ರಿಕ್ಸ್ ಅನ್ನೋ ಆಪ್ಷನ್ ಕೊಟ್ಟರೆ ಯಾವ ಟೆಂಪ್ಲೇಟು ಎಷ್ಟು ಹೊತ್ತು ತಿಂದಿದೆ ಅಂತ ಅವೇ ಹೇಳ್ತವೆ.

ಎಲ್ಲಕ್ಕಿಂತ ಮುಖ್ಯವಾಗಿ, ಬರೆಯೋರು ಸೇವ್ ಒತ್ತಿದ ಮೇಲೆ ಪುಟ ಕಣ್ಣಿಗೆ ಬೀಳೋವರೆಗಿನ ಹೊತ್ತನ್ನ ಅಳೀರಿ. ಒಂದು ಸಲಕ್ಕೆ 30 ಸೆಕೆಂಡ್ ಅಂದ್ರೆ, ದಿನಕ್ಕೆ 40 ಸಲಕ್ಕೆ 20 ನಿಮಿಷ. 20 ನಿಮಿಷ ಹೋದರೆ ಹೋಗಲಿ, ಟೀ ಕುಡಿಯೋಕೂ ಅಷ್ಟೇ ಹೋಗುತ್ತೆ. ನಷ್ಟ ಬೇರೆ ಕಡೆ ಇದೆ. ನಮ್ಮ ಟೀಮಿನಲ್ಲಿ ಡಾಕ್ಯುಮೆಂಟೇಶನ್ ಬರೆಯೋ ಗೆಳತಿಗೆ ಒಂದು ಕಮ್ಯಾಂಡಿನಲ್ಲಿ ಅಕ್ಷರ ತಪ್ಪಿದೆ ಅಂತ ತೋರಿಸಿದೆ. “ಒಂದಕ್ಷರಕ್ಕೆ ಯಾರ್ ಕಾಯ್ತಾರೆ, ಬಿಡೋ. ಮುಂದಿನ ರಿಲೀಸಿಗೆ ಒಟ್ಟಿಗೆ ಹಾಕೋಣ” ಅಂದಳು. ಅವಳು ಸೋಮಾರಿಯಲ್ಲ. ಕಾಯೋ ಹೊತ್ತು ತಪ್ಪಿಗಿಂತ ದೊಡ್ಡದಾಗಿತ್ತು, ಅಷ್ಟೇ. ಆ ಕಮ್ಯಾಂಡನ್ನು ಹಾಗೇ ಕಾಪಿ ಮಾಡೋ ಹೊಸ ಹುಡುಗನ ಅರ್ಧ ದಿನ ಯಾವ ಬೆಂಚ್‌ಮಾರ್ಕಿನಲ್ಲೂ ಬರಲ್ಲ.

ನಾವು ಜೆಕಿಲ್ ಬಿಡಲಿಲ್ಲ. ಬರೆಯೋರ ಲ್ಯಾಪ್‌ಟಾಪಿನಲ್ಲಿ ಆ ‘ಇದನ್ನೂ ಓದಿ’ ಪಟ್ಟಿ ಆಫ್ ಮಾಡಿದ್ವಿ. ಈಗ ಅವಳು ಒಂದು ಅಲ್ಪವಿರಾಮಕ್ಕೂ ಕಮಿಟ್ ಮಾಡ್ತಾಳೆ.