ನಾಲೆ ಏರಿಯ ಓಟ

ಶರಣೆಯರ ನುಡಿಯನ್ನು ನೆನೆಯುವಷ್ಟು ಅವರ ನಡಿಗೆಯನ್ನು ಭಕ್ತರು ನೆನೆಯುವುದು ಕಡಿಮೆ. ಅಕ್ಕಮಹಾದೇವಿ ಉಡುತಡಿಯಿಂದ ಕಲ್ಯಾಣಕ್ಕೆ, ಕಲ್ಯಾಣದಿಂದ ಶ್ರೀಶೈಲಕ್ಕೆ ಸಾಗಿದಳೆಂದು ಎಲ್ಲರೂ ಬಲ್ಲರು. ಅಷ್ಟು ದೂರದ ದಾರಿಯಲ್ಲಿ ಎಷ್ಟು ಊರುಗಳು ಅವಳನ್ನು ತಡೆದು ಪ್ರಶ್ನಿಸಿರಬಹುದು ಎಂಬುದನ್ನು ಊಹಿಸುವುದು ಕಷ್ಟವೇನಲ್ಲ. ಹೆಣ್ಣೊಬ್ಬಳು ಒಂಟಿಯಾಗಿ ದಾರಿಯ ಮೇಲೆ ಕಾಣಿಸಿಕೊಂಡರೆ ಊರು ಕೇಳುವ ಮೊದಲ ಮಾತು ಇಂದಿಗೂ ಅದೇ ಆಗಿದೆ: ಎಲ್ಲಿಗೆ?

ನಸುಕಿನಲ್ಲಿ ಓಡುವವರಿಗೆ ಈ ಪ್ರಶ್ನೆಗೆ ಉತ್ತರವಿಲ್ಲ. ಅವರು ಹೊರಟಲ್ಲಿಗೇ ಹಿಂದಿರುಗುತ್ತಾರೆ. ಹೊಲಕ್ಕೆ ಬುತ್ತಿ ಒಯ್ಯುವುದಿಲ್ಲ, ಸಂತೆಗೆ ಹೋಗುವುದಿಲ್ಲ, ರೈಲು ತಪ್ಪುತ್ತದೆಂಬ ಆತುರವೂ ಇಲ್ಲ. ನಗರದ ಉದ್ಯಾನಗಳಲ್ಲಿ ಯಾರಿಗೂ ಇದು ವಿಚಿತ್ರವೆನಿಸದು. ಹಳ್ಳಿಯಲ್ಲಿ ಎನಿಸುತ್ತದೆ. ಕೃಷ್ಣರಾಜಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನಲ್ಲಿ ಹುಟ್ಟಿ, ಮೈಸೂರಿನಲ್ಲಿ ಶಿಕ್ಷಕಿಯಾಗಿರುವ ಶರಣೆಯೊಬ್ಬರಿಗೆ ಈ ಎರಡೂ ನೆಲೆಗಳ ಅನುಭವವಿದೆ. ವಾರದ ಐದು ದಿನ ಅವರು ಮೈಸೂರಿನಲ್ಲಿ ಓಡುತ್ತಾರೆ. ಶನಿವಾರ ಸಂಜೆ ಅರಸೀಕೆರೆಯ ಕಡೆಗೆ ಹೋಗುವ ರೈಲು ಹತ್ತಿ ತಾಯಿಯ ಮನೆಗೆ ಬರುತ್ತಾರೆ.

ಮೈಸೂರಿನಲ್ಲಿ ಅವರ ಮೊದಲ ಹಾದಿ ಕುಕ್ಕರಹಳ್ಳಿ ಕೆರೆಯದು. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ರೂಪುಗೊಂಡ ಈ ಕೆರೆ ಇಂದು ಮೈಸೂರು ವಿಶ್ವವಿದ್ಯಾನಿಲಯದ ಸುಪರ್ದಿಯಲ್ಲಿದೆ. ಕುವೆಂಪು ಅವರು ನಿತ್ಯ ವಿಹರಿಸಿದ ಏರಿ ಇದು. ಕೆರೆಯನ್ನು ಸುತ್ತುವ ಮಣ್ಣಿನ ಹಾದಿ ಸುಮಾರು ನಾಲ್ಕೂವರೆ ಕಿಲೋಮೀಟರು. ಒಂದು ಮಗ್ಗುಲಲ್ಲಿ ನೀರು, ಹೆಜ್ಜಾರ್ಲೆ, ಬೆಳ್ಳಕ್ಕಿ. ಇನ್ನೊಂದು ಮಗ್ಗುಲಲ್ಲಿ ಮರಗಳ ದಟ್ಟಣೆ. ಅಲ್ಲಿ ವೃದ್ಧರು ನಡೆಯುತ್ತಾರೆ, ವಿದ್ಯಾರ್ಥಿಗಳು ಓಡುತ್ತಾರೆ, ಗೃಹಿಣಿಯರು ಮೂವರು ನಾಲ್ವರು ಸೇರಿ ಮಾತನಾಡುತ್ತಾ ದಾರಿಯನ್ನೇ ಅಡ್ಡಗಟ್ಟುತ್ತಾರೆ. ಯಾರೂ ಯಾರನ್ನೂ ಎಲ್ಲಿಗೆಂದು ಕೇಳುವುದಿಲ್ಲ. ದ್ವಾರವಿದೆ, ಕಾವಲಿದೆ, ಜನರಿದ್ದಾರೆ. ಪುರುಷ ಓಟಗಾರನು ಮರದ ನೆರಳನ್ನೂ ನೆಲದ ಮೃದುತ್ವವನ್ನೂ ಹೊಗಳುತ್ತಾನೆ. ಸ್ತ್ರೀ ಮೊದಲು ಗಮನಿಸುವುದು ಜನರಿದ್ದಾರೆ ಎಂಬುದನ್ನು. ಉದ್ಯಾನದ ಬೆಲೆಯನ್ನು ಎಕರೆಗಳಲ್ಲಿ ಅಳೆಯುವವರು ಇದನ್ನು ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಆರಂಭದಲ್ಲಿ ಅವರಿಗೆ ತೊಡಕಾದದ್ದು ಒಂದು ಸಣ್ಣ ಸಂಗತಿ. ಕೊರಳಿನ ಶಿವದಾರದಲ್ಲಿದ್ದ ಬೆಳ್ಳಿಯ ಕರಡಿಗೆ ಪ್ರತಿ ಹೆಜ್ಜೆಗೂ ಎದೆಗೆ ಬಡಿಯುತ್ತಿತ್ತು. ಅದನ್ನು ತೆಗೆದಿಟ್ಟು ಓಡಲು ಮನಸ್ಸು ಒಪ್ಪಲಿಲ್ಲ. ಕೊನೆಗೆ ಇಷ್ಟಲಿಂಗವನ್ನು ವಸ್ತ್ರದಲ್ಲಿ ಕಟ್ಟಿ, ದಾರವನ್ನು ಗಿಡ್ಡ ಮಾಡಿ, ಉಡುಪಿನೊಳಗೆ ಅಲುಗದಂತೆ ಧರಿಸುವುದನ್ನು ರೂಢಿಸಿಕೊಂಡರು. ಬೆವರಿನಿಂದ ವಸ್ತ್ರ ತೊಯ್ಯುವುದರಿಂದ ದಿನವೂ ಬದಲಿಸಬೇಕು. ಪೂಜೆ ಓಟದ ಬಳಿಕ, ಸ್ನಾನವಾದ ಮೇಲೆ. ಈ ಕ್ರಮ ತಾಯಿಗೆ ಒಪ್ಪಿಗೆಯಾಗಲಿಲ್ಲ. ಮಿಂದು ಲಿಂಗಕ್ಕೆ ಪತ್ರೆ ಏರಿಸದೆ ಹೊಸ್ತಿಲು ದಾಟುವುದು ಆ ಮನೆಯ ಪದ್ಧತಿಯಲ್ಲ.

ಭಾನುವಾರಗಳಲ್ಲಿ ಅವರ ಗೆಳತಿಯರ ತಂಡ ಲಿಂಗಾಂಬುಧಿ ಕೆರೆಗೆ ಹೋಗುವುದುಂಟು. ಮೈಸೂರಿನ ಹೊರವಲಯದ ಬಡಾವಣೆಗಳ ನಡುವೆ ಉಳಿದುಕೊಂಡಿರುವ ಈ ಕೆರೆಯನ್ನು ಕಟ್ಟಿದ್ದು 1828ರಲ್ಲಿ, ರಾಣಿ ಲಿಂಗಾಜಮ್ಮಣ್ಣಿಯವರ ಹೆಸರಿನಲ್ಲಿ. ಅದೂ ಸುರಕ್ಷಿತವಾದ ಹಾದಿಯೇ. ಬೆಂಗಳೂರಿನ ಓಟಗಾರರಿಗೆ ಕಬ್ಬನ್ ಉದ್ಯಾನ, ಲಾಲ್‌ಬಾಗ್‌ಗಳಿದ್ದಂತೆ ಮೈಸೂರಿನವರಿಗೆ ಇವು. ಬೆಂಗಳೂರಿನ ದಕ್ಷಿಣದ ತುರಹಳ್ಳಿ ಕಾಡಿನ ಕಥೆಯನ್ನು ಇಲ್ಲಿ ಹೇಳಬೇಕು. ಅದನ್ನು ವೃಕ್ಷೋದ್ಯಾನವಾಗಿಸುವ ಯೋಜನೆಯನ್ನು 2021ರ ಆರಂಭದಲ್ಲಿ ಸುತ್ತಲಿನ ನಿವಾಸಿಗಳೂ ಅಲ್ಲಿ ಓಡಾಡುವವರೂ ಸೇರಿ ವಿರೋಧಿಸಿದರು. ಕಾಡು ಕಾಡಾಗಿಯೇ ಇರಲಿ ಎಂಬುದು ಅವರ ಬೇಡಿಕೆಯಾಗಿತ್ತು. ಸೌಲಭ್ಯ ಬೇಡವೆಂದು ಬೀದಿಗಿಳಿಯುವ ಬಳಕೆದಾರರು ಅಪರೂಪ.

ಶ್ರೀರಂಗಪಟ್ಟಣದ ಹಾದಿಯ ಬಗೆಯೇ ಬೇರೆ. 2007ರಿಂದ ಅಲ್ಲಿ ಕಾವೇರಿ ಟ್ರೇಲ್ ಮ್ಯಾರಥಾನ್ ಎಂಬ ಓಟ ನಡೆದು ಬಂದಿದೆ. ಬೆಂಗಳೂರಿನ ‘ರನ್ನರ್ಸ್ ಫಾರ್ ಲೈಫ್’ ಬಳಗ ಇದನ್ನು ಆರಂಭಿಸಿತು. ರಂಗನತಿಟ್ಟಿನ ಸಮೀಪ, ಕಾವೇರಿಯ ನೀರನ್ನು ಗದ್ದೆಗೆ ಒಯ್ಯುವ ನಾಲೆಯ ಏರಿಯೇ ಓಟದ ದಾರಿ. ಹೋದ ದಾರಿಯಲ್ಲೇ ಹಿಂದಿರುಗಬೇಕು. ಡಾಂಬರಿಲ್ಲ, ವಾಹನಗಳ ಗದ್ದಲವಿಲ್ಲ. ಎತ್ತಿನಗಾಡಿ ಎದುರಾದರೆ ಓಟಗಾರನೇ ಬದಿಗೆ ಸರಿಯಬೇಕು. ಶಿಕ್ಷಕಿ ಇಲ್ಲಿ ಒಮ್ಮೆ ಅರ್ಧ ಮ್ಯಾರಥಾನ್, ಎಂದರೆ 21.1 ಕಿಲೋಮೀಟರು, ಪೂರೈಸಿದ್ದಾರೆ. ಅಂದು ನಾಲೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಕೈಯ ಕೆಲಸ ನಿಲ್ಲಿಸಿ ಓಡುವವರನ್ನು ನೋಡುತ್ತಿದ್ದರು. ನೂರಾರು ಜನ ಒಟ್ಟಿಗೆ ಓಡುವಾಗ ಅದು ಜಾತ್ರೆ. ಜಾತ್ರೆಯಲ್ಲಿ ಓಡುವ ಹೆಣ್ಣನ್ನು ಯಾರೂ ಪ್ರಶ್ನಿಸುವುದಿಲ್ಲ.

ಆ ಏರಿಯ ಸಮೀಪದಲ್ಲೇ ಹರಿಯುವ ಹೊಳೆಯೊಳಗೆ ಹಕ್ಕಿಗಳ ನಾಡಿದೆ. ಹದಿನೇಳನೆಯ ಶತಮಾನದ ನಡುವೆ ಕಂಠೀರವ ನರಸರಾಜ ಒಡೆಯರು ಕಾವೇರಿಗೆ ಕಟ್ಟಿಸಿದ ಒಡ್ಡಿನಿಂದ ಉಂಟಾದ ನಡುಗಡ್ಡೆಗಳೇ ರಂಗನತಿಟ್ಟು. ಪಕ್ಷಿತಜ್ಞ ಸಲೀಂ ಅಲಿ ಅವರ ಸಲಹೆಯ ಮೇರೆಗೆ 1940ರಲ್ಲಿ ಮೈಸೂರು ಸಂಸ್ಥಾನ ಇದನ್ನು ಪಕ್ಷಿಧಾಮವೆಂದು ಘೋಷಿಸಿತು. 2022ರಲ್ಲಿ ಇದು ರಾಮ್ಸಾರ್ ಪಟ್ಟಿಗೆ ಸೇರಿತು. ಕರ್ನಾಟಕದಿಂದ ಆ ಪಟ್ಟಿಗೆ ಸೇರಿದ ಮೊದಲ ಜೌಗು ನೆಲ ಇದೇ. ಬಣ್ಣದ ಕೊಕ್ಕರೆ, ಬಾಯ್ಕಳಕ, ಚಮಚಕೊಕ್ಕು, ಹೆಜ್ಜಾರ್ಲೆಗಳು ಇಲ್ಲಿ ಗೂಡು ಕಟ್ಟುತ್ತವೆ. ಬಂಡೆಗಳ ಮೇಲೆ ಮೊಸಳೆಗಳು ಬಿಸಿಲು ಕಾಯುತ್ತವೆ. ನಡುಗಡ್ಡೆಗಳಿಗೆ ಯಾರೂ ಕಾಲಿಡುವಂತಿಲ್ಲ. ದೋಣಿಯಲ್ಲಿ ಕುಳಿತು ದೂರದಿಂದ ನೋಡಬಹುದಷ್ಟೆ. ಕನ್ನಂಬಾಡಿಯಿಂದ ಹೆಚ್ಚು ನೀರು ಬಿಟ್ಟಾಗ ಅದೂ ಇಲ್ಲ. ಓಟದ ಹಾದಿ ಧಾಮದ ಒಳಗಲ್ಲದೆ ಹೊರಗಿನ ನಾಲೆಯ ಮೇಲಿರುವುದು ಎಷ್ಟು ಉಚಿತವೆಂಬುದು ಅಲ್ಲಿ ನಿಂತವರಿಗೆ ತಾನಾಗಿಯೇ ತಿಳಿಯುತ್ತದೆ.

ಆದರೂ ಹಾದಿಯ ಆಸೆ ಅಷ್ಟಕ್ಕೇ ನಿಲ್ಲುವುದಿಲ್ಲ. ಶ್ರೀರಂಗಪಟ್ಟಣದ ಓಟ ಮುಗಿಸಿ ಬಂದ ಉತ್ಸಾಹದಲ್ಲಿ ಆ ತಂಡದ ಕೆಲವರು ಮೇಲುಕೋಟೆಯ ಕಾಡಿನಲ್ಲಿ ಓಡುವ ಯೋಚನೆ ಮಾಡಿದರು. ಪಾಂಡವಪುರ ತಾಲ್ಲೂಕಿನ ಈ ವನ್ಯಜೀವಿಧಾಮ ಸುಮಾರು 50 ಚದರ ಕಿಲೋಮೀಟರು ವಿಸ್ತಾರದ್ದು. 1974ರಲ್ಲಿ ಘೋಷಿತವಾದ ಇದರ ಮುಖ್ಯ ಉದ್ದೇಶ ತೋಳದ ರಕ್ಷಣೆ. ಕುರುಚಲು ಕಾಡು, ಬಂಡೆ, ಏರಿಳಿತದ ಕಾಲುದಾರಿ. ಓಟಗಾರನ ಕಣ್ಣಿಗೆ ಇದಕ್ಕಿಂತ ಚೆಲುವಾದ ನೆಲ ಬೇಕಿಲ್ಲ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 27ನೆಯ ಪ್ರಕರಣದಂತೆ ಅಭಯಾರಣ್ಯದೊಳಕ್ಕೆ ಅನುಮತಿಯಿಲ್ಲದೆ ಪ್ರವೇಶವಿಲ್ಲ. ಅದರಲ್ಲಿ ಹಾಯುವ ಸಾರ್ವಜನಿಕ ಹೆದ್ದಾರಿಯಲ್ಲಿ ಹೋಗುವವರಂಥ ಕೆಲವರಿಗೆ ಮಾತ್ರ ವಿನಾಯಿತಿ. ಅನುಮತಿ ಯಾವುದಕ್ಕೆಂಬುದನ್ನು 28ನೆಯ ಪ್ರಕರಣ ಹೇಳುತ್ತದೆ: ವನ್ಯಜೀವಿಗಳ ಅಧ್ಯಯನ, ಛಾಯಾಗ್ರಹಣ, ಸಂಶೋಧನೆ, ಪ್ರವಾಸ ಮುಂತಾದವು. ಓಟದ ಹೆಸರು ಅಲ್ಲಿಲ್ಲ. ಓಟಕ್ಕೆ ಹಿತವಾದ ಚಳಿಗಾಲವೇ ತೋಳ ಮರಿಹಾಕಿ ಗುಹೆಯ ಬಳಿ ಉಳಿಯುವ ಕಾಲವೂ ಹೌದು. ಪ್ರವಾಸವೆಂದು ಬರೆದುಕೊಟ್ಟು ಅನುಮತಿ ಪಡೆದರಾಯಿತು ಎಂದು ತಂಡದಲ್ಲೊಬ್ಬರು ಸೂಚಿಸಿದರು. ಶಿಕ್ಷಕಿ ಒಪ್ಪಲಿಲ್ಲ. ಮೊಳಕಾಲುದ್ದದ ಮಕ್ಕಳಿರುವ ಮನೆಯಂಗಳದಲ್ಲಿ ಐವತ್ತು ಜನ ಬೂಟುಗಾಲಿನಲ್ಲಿ ಓಡಿಹೋದರೆ ಯಾವ ತಾಯಿ ಸಹಿಸಿಯಾಳು ಎಂದು ಕೇಳಿದರಂತೆ. ಯೋಚನೆ ಅಲ್ಲಿಗೆ ನಿಂತಿತು. ತಂಡ ಈಗಲೂ ಮೇಲುಕೋಟೆಗೆ ಹೋಗುತ್ತದೆ. ಊರಿನ ರಸ್ತೆಯಲ್ಲಿ, ಕಲ್ಯಾಣಿಯವರೆಗೆ.

ಕಾಡಿನಲ್ಲಿ ತಾನು ಅತಿಥಿ ಎಂದು ಸುಲಭವಾಗಿ ಒಪ್ಪಿಕೊಂಡ ಅವರಿಗೆ, ಹುಟ್ಟಿದ ಊರಿನಲ್ಲೇ ಅತಿಥಿಯಂತಿರಬೇಕಾದದ್ದು ಮಾತ್ರ ಸುಲಭವಾಗಿರಲಿಲ್ಲ. ಅಕ್ಕಿಹೆಬ್ಬಾಳು ಹೇಮಾವತಿಯ ದಡದ ಊರು. ಈ ಹೊಳೆಗೆ ಮಂದಗೆರೆ, ಹೇಮಗಿರಿಗಳಲ್ಲಿ ಹಿಂದೆಯೇ ಕಟ್ಟಿದ ಅಣೆಗಳಿಂದ ಹೊರಟ ನಾಲೆಗಳು ಈ ಸೀಮೆಯ ಭತ್ತ ಕಬ್ಬುಗಳನ್ನು ಸಾಕಿವೆ. ನಾಲೆ ಏರಿಗಿಂತ ಉತ್ತಮವಾದ ಓಟದ ಹಾದಿ ಮೈಸೂರಿನ ಯಾವ ಉದ್ಯಾನದಲ್ಲೂ ಇಲ್ಲ. ಮೊದಲ ಸಲ ಅವರು ಅಲ್ಲಿ ಓಡಿದಾಗ ನೀರು ಕಟ್ಟುತ್ತಿದ್ದ ಹಿರಿಯರೊಬ್ಬರು ಗುದ್ದಲಿ ಊರಿ ನಿಂತು, ಮನೆಯಲ್ಲಿ ಯಾರಿಗಾದರೂ ಮೈಗೆ ಹುಷಾರಿಲ್ಲವೇ ಎಂದು ಗಾಬರಿಯಿಂದ ವಿಚಾರಿಸಿದರು. ಇಬ್ಬರು ಹುಡುಗರು ಮೋಟಾರು ಬೈಕಿನಲ್ಲಿ ಹಿಂದೆಯೇ ಬಂದರು. ಸಂಜೆಯೊಳಗೆ ಸುದ್ದಿ ತಾಯಿಗೆ ಮುಟ್ಟಿತು.

"ಯಾಕವ್ವ ಹಿಂಗ್ ಓಡೀಯೆ? ಯಾರಾದ್ರೂ ಅಟ್ಟುಸ್ಕೊಂಡ್ ಬತ್ತಾವ್ರಾ?" ಎಂದರು ತಾಯಿ.

ಕೇಳಿದ್ದು ತಮಾಷೆಗಲ್ಲ. ಮೂವತ್ತು ವರ್ಷ ಅದೇ ಏರಿಯ ಮೇಲೆ ಹುಲ್ಲಿನ ಹೊರೆ ಹೊತ್ತು ನಡೆದ ಜೀವ ಅದು. ಹೊರೆಯಿಲ್ಲದೆ ಆ ಏರಿಯ ಮೇಲೆ ಹೋದ ನೆನಪು ಅವರಿಗಿಲ್ಲ. ಮಗಳ ಬಳಿಯೂ ಥಟ್ಟನೆ ಉತ್ತರವಿರಲಿಲ್ಲ. ಕಾಯಕಕ್ಕೆಂದೇ ಸವೆದ ದೇಹದ ಮುಂದೆ ನಿಂತು, ದೇಹವನ್ನು ಹದವಾಗಿಡಲು ಓಡುತ್ತೇನೆಂದು ಹೇಳುವುದು ಎಷ್ಟು ಕಷ್ಟವೆಂದು ಅಂದು ಅವರಿಗೆ ಅರಿವಾಯಿತು.

ಅನಂತರ ಚಿರತೆಯ ಭಯ ಬಂತು. 2022ರ ಅಕ್ಟೋಬರ್‌ನಿಂದ 2023ರ ಜನವರಿಯೊಳಗೆ ತಿರುಮಕೂಡಲು ನರಸೀಪುರ ತಾಲ್ಲೂಕಿನಲ್ಲಿ ಚಿರತೆ ದಾಳಿಗೆ ನಾಲ್ವರು ಬಲಿಯಾದರು. ಕನ್ನಂಬಾಡಿಯ ಬೃಂದಾವನದಲ್ಲಿ ಚಿರತೆ ಕಾಣಿಸಿಕೊಂಡು 2022ರ ನವೆಂಬರ್‌ನಲ್ಲಿ ಉದ್ಯಾನದ ಬಾಗಿಲನ್ನೇ ಮುಚ್ಚಬೇಕಾಯಿತು. ಆಳೆತ್ತರ ಬೆಳೆದ ಕಬ್ಬಿನ ಗದ್ದೆ ಚಿರತೆಗೆ ಕಾಡಿನಷ್ಟೇ ಒಳ್ಳೆಯ ಮರೆ. ನಾಯಿ, ಮೇಕೆಗಳು ಅಲ್ಲೇ ಸಿಗುತ್ತವೆ. ಅದು ಹೆಚ್ಚಾಗಿ ಸಂಚರಿಸುವುದು ಮುಸ್ಸಂಜೆಯಿಂದ ನಸುಕಿನವರೆಗೆ, ಎಂದರೆ ಓಟಗಾರರು ಮೆಚ್ಚುವ ಹೊತ್ತಿನಲ್ಲೇ. ಆ ಚಳಿಗಾಲದಲ್ಲಿ ಶಿಕ್ಷಕಿ ಊರಿನಲ್ಲಿ ಓಡಲಿಲ್ಲ.

ಮತ್ತೆ ಆರಂಭಿಸಿದಾಗ ಹೊತ್ತನ್ನೂ ಹಾದಿಯನ್ನೂ ಬದಲಿಸಿಕೊಂಡರು. ಬಿಸಿಲೇರಿ ಜನ ಹೊಲಕ್ಕಿಳಿದ ಮೇಲೆಯೇ ಹೊರಡುವುದು. ಬೆಳೆದ ಕಬ್ಬಿನ ಮಗ್ಗುಲನ್ನು ಬಿಟ್ಟು, ಭತ್ತದ ಬಯಲಿರುವ ಕಡೆಯ ಏರಿಯಲ್ಲಿ ಓಡುವುದು. ಹೀಗಾದದ್ದರಿಂದ ಓಟಕ್ಕೆ ಮುನ್ನ ಸ್ನಾನಕ್ಕೂ ಪೂಜೆಗೂ ಸಮಯ ಸಿಕ್ಕಿತು.

"ನಾನ್ ಹೇಳಿದ್ರೆ ಕೇಳ್ನಿಲ್ಲ, ಚಿರ್ತೆ ಹೇಳಿದ್ಮೇಲೆ ಕೇಳ್ದೆ ಕಣವ್ವ," ಎಂದು ತಾಯಿ ನಕ್ಕರು.

ಈಗ ಭಾನುವಾರಗಳಂದು ನೆರೆಮನೆಯ ಇಬ್ಬರು ಹೈಸ್ಕೂಲು ಹುಡುಗಿಯರೂ ಜೊತೆಗೆ ಬರುತ್ತಾರೆ. ಒಬ್ಬಳು ಬರಿಗಾಲಿನಲ್ಲೇ ಓಡುತ್ತಾಳೆ. ನೀರು ಕಟ್ಟುವ ಹಿರಿಯರು ಗುದ್ದಲಿ ಊರಿ ನಿಲ್ಲುವುದನ್ನು ಬಿಟ್ಟಿದ್ದಾರೆ. ಎಷ್ಟು ಸುತ್ತಾಯಿತೆಂದು ಮಾತ್ರ ಕೇಳುತ್ತಾರೆ. ನಾಲೆಗೆ ನೀರು ಬಿಟ್ಟು ಏರಿ ಕೆಸರಾದ ದಿನಗಳಲ್ಲಿ ಮೂವರೂ ರೈಲು ನಿಲ್ದಾಣದ ರಸ್ತೆಯಲ್ಲಿ ಓಡಿ ಬರುತ್ತಾರೆ.