ಕಡಲಾಚೆ ಹೋದ ನಮ್ಮ ದೊಡ್ಡಮ್ಮ

ನರ್ಸ್ ಅಂದ ಕೂಡಲೇ ನಿಮಗೆ ಏನು ನೆನಪಾಗುತ್ತದೆ? ಬಿಳಿ ಉಡುಪು, ಸೂಜಿ, "ಸ್ವಲ್ಪ ಆಚೆ ನಿಲ್ಲಿ" ಎಂಬ ಗದರಿಕೆ, ಅಲ್ಲವೇ? ನನಗೆ ನೆನಪಾಗುವವರು ನಮ್ಮ ದೊಡ್ಡಮ್ಮ. 2024ರಲ್ಲಿ, 89ನೇ ವಯಸ್ಸಿನಲ್ಲಿ, ಇಂಗ್ಲೆಂಡಿನಲ್ಲಿ ತೀರಿಕೊಂಡರು. ಊರಿನಲ್ಲಿ ಅವರ ಬಗ್ಗೆ ಎರಡು ಮಾತಿತ್ತು. ಒಂದು, "ಎಷ್ಟು ಧೈರ್ಯದ ಹೆಂಗಸು!" ಇನ್ನೊಂದು, ಸ್ವಲ್ಪ ತಗ್ಗಿದ ದನಿಯಲ್ಲಿ, "ಮಗುವನ್ನು ಬಿಟ್ಟು ಹೋದವಳು." ಈ ಎರಡನ್ನೂ ಕೇಳುತ್ತಲೇ ಬೆಳೆದವಳು ನಾನು. ಕಥೆ ಪೂರ್ತಿ ಕೇಳಿ, ಆಮೇಲೆ ನೀವೇ ಹೇಳಿ.

ನಮ್ಮದು ಉಡುಪಿ. 1923ರಲ್ಲಿ ಈವಾ ಲೊಂಬಾರ್ಡ್ ಎಂಬ ಸ್ವಿಟ್ಜರ್ಲೆಂಡಿನ ಲೇಡಿ ಡಾಕ್ಟರು ಮಿಷನ್ ಆಸ್ಪತ್ರೆ ಶುರುಮಾಡಿದ ಊರು. ಅಂಥ ಕಡೆ ಬೆಳೆದ ನಮ್ಮ ಕ್ರೈಸ್ತ ಮನೆತನಗಳಲ್ಲಿ ಹುಡುಗಿ ನರ್ಸಿಂಗ್ ಕಲಿಯುವುದು ಹೊಸದಲ್ಲ. ದೊಡ್ಡಮ್ಮನೂ ಕಲಿತರು, ಮದುವೆಯಾದರು. 1964ರಲ್ಲಿ ದೊಡ್ಡಪ್ಪ ಕಾಮಾಲೆಯಾಗಿ ಹೋಗಿಬಿಟ್ಟರು. ಆಗ ಅಕ್ಕನಿಗೆ ಮೂರು ವರ್ಷ. ಮನೆಯಲ್ಲಿ ವಯಸ್ಸಾದ ಅಜ್ಜಿ, ಇನ್ನೂ ಮದುವೆಯಾಗದ ನನ್ನ ಅಮ್ಮ. ಒಬ್ಬರ ಸಂಬಳ ತಿಂಗಳ ಇಪ್ಪತ್ತನೇ ತಾರೀಕಿಗೇ ಮುಗಿಯುತ್ತಿತ್ತು.

ಆ ಕಾಲಕ್ಕೆ ಇಂಗ್ಲೆಂಡಿನಲ್ಲಿ ನರ್ಸುಗಳಿಗೆ ಬಹಳ ಬರ. ಅಲ್ಲಿ 1948ರ ಜುಲೈ 5ರಂದು ಎಲ್ಲರಿಗೂ ಪುಕ್ಕಟೆ ಚಿಕಿತ್ಸೆಯ ಸರ್ಕಾರಿ ವ್ಯವಸ್ಥೆ ಶುರುವಾಗಿತ್ತು. ಆಸ್ಪತ್ರೆ ನಡೆಸಲು ಅಲ್ಲಿನ ಹೆಣ್ಣುಮಕ್ಕಳು ಸಾಲದೆ ಐರ್ಲೆಂಡ್, ಜಮೈಕಾ, ಬಾರ್ಬಡೋಸ್, ಭಾರತ ಎಲ್ಲ ಕಡೆಯಿಂದ ಕರೆಸಿಕೊಂಡರು. 1962ರ ಕಾನೂನಿನ ಪ್ರಕಾರ ಕೆಲಸಕ್ಕೆ ಬರುವವರಿಗೆ ಒಂದು ವೋಚರ್ ಬೇಕಿತ್ತು. ಕಸುಬು ಕಲಿತ ನರ್ಸುಗಳಿಗೆ ಅದು ಸಿಗುತ್ತಿತ್ತು. 1965ರಲ್ಲಿ ದೊಡ್ಡಮ್ಮ ಮುಂಬಯಿಯಲ್ಲಿ ಹಡಗು ಹತ್ತಿದರು. ಕೈಯಲ್ಲಿ ಇದ್ದದ್ದು ಮೂರೇ ಪೌಂಡ್, ಆಗಿನ ಲೆಕ್ಕದಲ್ಲಿ 40 ರೂಪಾಯಿ. ಅದಕ್ಕಿಂತ ಹೆಚ್ಚು ವಿದೇಶಿ ಹಣ ಒಯ್ಯಲು ಅಪ್ಪಣೆ ಇರಲಿಲ್ಲ.

ಅಕ್ಕ ಅಜ್ಜಿಯ ಹತ್ತಿರವೇ ಉಳಿದಳು. ಹೊರಡುವ ದಿನ ಅವಳಿಗೆ ಹೇಳಲಿಲ್ಲವಂತೆ, ಮಲಗಿದ್ದಾಗಲೇ ಹೊರಟರಂತೆ.

ಅಲ್ಲಿ ಬರ್ಮಿಂಗ್‌ಹ್ಯಾಮ್ ಹತ್ತಿರದ ಒಂದು ಆಸ್ಪತ್ರೆ. ಆ ದೇಶದಲ್ಲಿ ನರ್ಸುಗಳಲ್ಲಿ ಎರಡು ದರ್ಜೆ ಇತ್ತು. ಮೂರು ವರ್ಷ ಕಲಿತವರು ಮೇಲಿನವರು, ಎರಡು ವರ್ಷದವರು ಕೆಳಗಿನವರು. ಕೆಳಗಿನವರಿಗೆ ಬಡ್ತಿ ಇಲ್ಲವೆಂದೇ ಹೇಳಬೇಕು. ಹೊರದೇಶದಿಂದ ಬಂದ ಎಷ್ಟೋ ಹುಡುಗಿಯರಿಗೆ ಈ ವ್ಯತ್ಯಾಸ ತಿಳಿಸದೆ ಕೆಳಗಿನ ದರ್ಜೆಗೇ ರುಜು ಹಾಕಿಸಿಕೊಂಡರು. ದೊಡ್ಡಮ್ಮನಿಗೂ ಅದೇ ಆಯಿತು. ಗೊತ್ತಾದಾಗ ಅತ್ತರಂತೆ, ಆದರೆ ಬಿಡಲಿಲ್ಲ. ಕೆಲಸ ಮಾಡುತ್ತಲೇ ಓದಿ, 1974ರಲ್ಲಿ, 39ನೇ ವಯಸ್ಸಿನಲ್ಲಿ, ಮೇಲಿನ ಪರೀಕ್ಷೆ ಪಾಸು ಮಾಡಿದರು.

1968ರ ಏಪ್ರಿಲ್‌ನಲ್ಲಿ ಇನಾಕ್ ಪೊವೆಲ್ ಎಂಬ ರಾಜಕಾರಣಿ ಬರ್ಮಿಂಗ್‌ಹ್ಯಾಮಿನಲ್ಲೇ ವಲಸಿಗರ ವಿರುದ್ಧ ಬೆಂಕಿಯಂಥ ಭಾಷಣ ಮಾಡಿದ. ಅದಾದ ಮೇಲೆ ವಾರ್ಡಿನ ಮುದುಕನೊಬ್ಬ, "ನಿನ್ನ ಕಪ್ಪು ಕೈಯಿಂದ ಮುಟ್ಟಬೇಡ" ಎಂದನಂತೆ. "ನೀವೆಂತ ಮಾಡಿದಿರಿ ದೊಡ್ಡಮ್ಮ?" ಎಂದು ನಾನು ಕೇಳಿದ್ದೆ. "ಎಂತ ಮಾಡುದು ಮಾರಾಯ್ತಿ? ಅವನಿಗೆ ಎದ್ದು ಕೂರ್ಲಿಕ್ಕೂ ಆಗ್ತಿರಲಿಲ್ಲ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ರೆ ಬೆನ್ನು ಹುಣ್ಣಾಗ್ತದೆ. ಬದಲಿಸಿದೆ. ನಾಲ್ಕನೇ ದಿನ ಅವನೇ ಕಾಯ್ತಾ ಇದ್ದ." ಅಷ್ಟೇ ಹೇಳಿ ಬೀಡಿ ಎಲೆಯಷ್ಟು ತೆಳ್ಳಗೆ ನೀರುದೋಸೆ ಹೊಯ್ಯಲು ಎದ್ದುಹೋದರು.

1969ರಲ್ಲಿ ಅಕ್ಕನನ್ನು ಕರೆಸಿಕೊಂಡರು. ಎಂಟು ವರ್ಷದ ಹುಡುಗಿ. ವಿಮಾನ ನಿಲ್ದಾಣದಲ್ಲಿ ತಾಯಿಯ ಗುರುತೇ ಹತ್ತಲಿಲ್ಲ. ಅವಳಿಗೆ "ಅಮ್ಮ" ಅಂದರೆ ಉಡುಪಿಯ ಅಜ್ಜಿ. ಒಂದು ವರ್ಷ ಏನೂ ಕರೆಯದೆಯೇ ಮಾತಾಡಿದಳಂತೆ. ದೊಡ್ಡಮ್ಮ ಒತ್ತಾಯಿಸಲಿಲ್ಲ. ಮಾಡಿದ್ದು ಇಷ್ಟೇ: ಹಗಲು ಮಗಳ ಜತೆ ಇರಬೇಕೆಂದು ನೈಟ್ ಡ್ಯೂಟಿ ಕೇಳಿ ಪಡೆದರು. ಬೆಳಿಗ್ಗೆ ಬಂದು, ಜಡೆ ಹೆಣೆದು, ಶಾಲೆಗೆ ಬಿಟ್ಟು, ಮಲಗಿ, ಮೂರಕ್ಕೆ ಎದ್ದು ಶಾಲೆಯ ಗೇಟಿನಲ್ಲಿ ನಿಲ್ಲುವುದು. ರಾತ್ರಿ ಅಕ್ಕನನ್ನು ನೋಡಿಕೊಂಡವಳು ಮಹಡಿಯ ಮೇಲಿದ್ದ ಜಮೈಕಾದ ನರ್ಸ್. ಅವಳದು ಹಗಲು ಪಾಳಿ, ಅವಳಿಗೂ ಒಬ್ಬ ಮಗ. ಸಂಜೆ ಅವನಿಗೆ ದೊಡ್ಡಮ್ಮನೇ ಊಟ ಬಡಿಸುತ್ತಿದ್ದರು. ಅವನು ಇವತ್ತಿಗೂ ಗಂಜಿ ಮತ್ತು ಮಾವಿನ ಉಪ್ಪಿನಕಾಯಿಯ ಹೆಸರು ಕನ್ನಡದಲ್ಲೇ ಹೇಳುತ್ತಾನೆ. ಹೀಗೆ ಎಂಟು ವರ್ಷ ದೊಡ್ಡಮ್ಮ ರಾತ್ರಿ ನಿದ್ದೆ ಕಾಣಲಿಲ್ಲ.

1995ರಲ್ಲಿ ನಿವೃತ್ತಿಯಾದ ಮೇಲೆ ವರ್ಷಕ್ಕೆ ಮೂರು ತಿಂಗಳು ಉಡುಪಿಗೆ ಬರುತ್ತಿದ್ದರು. ಬಂದರೆ ಬೀದಿಯ ಹೆಂಗಸರಿಗೆಲ್ಲ ಪಾಠ! ಅವುಗಳಲ್ಲಿ ಕೆಲವನ್ನು ನೀವೂ ಬರೆದಿಟ್ಟುಕೊಳ್ಳಿ. ಸುಟ್ಟ ಗಾಯಕ್ಕೆ ಅರಿಶಿನ, ಪೇಸ್ಟ್, ಬೆಣ್ಣೆ ಏನೂ ಹಚ್ಚಬೇಡಿ. ತಕ್ಷಣ ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಭೇದಿಯಾದಾಗ ಪುಡಿಯ ಪೊಟ್ಟಣ ಸಿಗದಿದ್ದರೆ, ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಅಳತೆ ತಪ್ಪಬಾರದು. ಹಾಸಿಗೆ ಹಿಡಿದ ಅತ್ತೆ ಮಾವಂದಿರಿದ್ದರೆ ಆ ಎರಡು ಗಂಟೆಯ ಮಗ್ಗುಲನ್ನು ಮರೆಯಬೇಡಿ, ಹಾಸಿದ ಬಟ್ಟೆಯಲ್ಲಿ ಒಂದು ಸುಕ್ಕೂ ಇರಬಾರದು.

2020ರ ಮಾರ್ಚ್‌ನಿಂದ ಹತ್ತು ವಾರ ಆ ದೇಶದ ಜನ ಗುರುವಾರ ರಾತ್ರಿ ಎಂಟಕ್ಕೆ ಬಾಗಿಲಲ್ಲಿ ನಿಂತು ನರ್ಸು ಡಾಕ್ಟರುಗಳಿಗಾಗಿ ಚಪ್ಪಾಳೆ ತಟ್ಟಿದರಲ್ಲ, ಆಗ ದೊಡ್ಡಮ್ಮನಿಗೆ 85. ಎದುರು ಮನೆಯವರು ಅವರ ಕಿಟಕಿಯ ಕಡೆಗೇ ತಿರುಗಿ ತಟ್ಟಿದರಂತೆ. "ಚಪ್ಪಾಳೆ ಒಳ್ಳೆಯದೇ, ಸಂಬಳವೂ ಸ್ವಲ್ಪ ಜಾಸ್ತಿ ಕೊಡ್ಲಿ" ಎಂದು ಫೋನಿನಲ್ಲಿ ನಕ್ಕರು.

ಅವರು ಹೋದ ಮೇಲೆ ಅಕ್ಕ ಬೀರು ತೆರೆದಳು. ಅಡಿಯಲ್ಲಿ ನೀಲಿ ಏರೋಗ್ರಾಂಗಳ ಕಟ್ಟು. ಅಜ್ಜಿ ತಿಂಗಳಿಗೊಂದು ಬರೆದದ್ದು. ಪ್ರತಿಯೊಂದರಲ್ಲೂ ಪೆನ್ಸಿಲಿನಲ್ಲಿ ಗೀಚಿದ ಒಂದು ಪುಟ್ಟ ಪಾದ. ಅಜ್ಜಿ ಅಕ್ಕನ ಕಾಲನ್ನು ಕಾಗದದ ಮೇಲಿಟ್ಟು ಸುತ್ತ ಗೆರೆ ಎಳೆದು ಕಳಿಸುತ್ತಿದ್ದರು, ಬೂಟು ಕೊಳ್ಳಲು ಅಳತೆಗೆಂದು. ಬೂಟು ಬಂದದ್ದು ವರ್ಷಕ್ಕೊಂದು ಜತೆ. ಪಾದಗಳು ಮಾತ್ರ ನಲವತ್ತಕ್ಕೂ ಹೆಚ್ಚು. ಒಂದೊಂದರ ಪಕ್ಕದಲ್ಲೂ ದೊಡ್ಡಮ್ಮ ಕೆಂಪು ಶಾಯಿಯಲ್ಲಿ ತಾರೀಕು ಬರೆದು, ಹೆಬ್ಬೆರಳಿನಿಂದ ಹಿಮ್ಮಡಿಗೆ ಎಷ್ಟು ಇಂಚು ಎಂದು ಗುರುತು ಹಾಕಿದ್ದರು. ರೋಗಿಯ ಚಾರ್ಟ್ ಬರೆಯುವ ಹಾಗೆ! "ನಾನು ಆ ಬೂಟು ಹಾಕ್ಲೇ ಇಲ್ಲ ಗೊತ್ತುಂಟಾ? ಬರಿಗಾಲಲ್ಲೇ ಓಡ್ತಿದ್ದೆ," ಎಂದು ಹೇಳುವಾಗ ಅಕ್ಕನ ಗಂಟಲು ಕಟ್ಟಿತು. ಆಮೇಲೆ ಅಂದಳು: "ನಾಲ್ಕು ವರ್ಷದ ಸಿಟ್ಟು ನನಗೆ ಪೂರ್ತಿ ಹೋಗಿಲ್ಲ. ಆದರೆ ಅವಳು ನನ್ನನ್ನು ಬಿಟ್ಟು ಹೋದಳು ಅಂತ ಇನ್ನು ಯಾರಾದ್ರೂ ಹೇಳಿದ್ರೆ ಸುಮ್ಮನಿರುದಿಲ್ಲ."

ಸೋದರಿಯರೇ, ಇವತ್ತೂ ನಮ್ಮ ಬೀದಿಗಳಿಂದ ಹೆಣ್ಣುಮಕ್ಕಳು ಗಲ್ಫ್‌ಗೆ, ಐರ್ಲೆಂಡಿಗೆ ನರ್ಸುಗಳಾಗಿ ಹೋಗುತ್ತಿದ್ದಾರೆ. ಅವರ ಮಕ್ಕಳು ನಿಮ್ಮ ಪಕ್ಕದ ಮನೆಯಲ್ಲೇ ಅಜ್ಜಿಯ ಜತೆ ಇರಬಹುದು. ಆ ಮಗುವಿನ ಕಿವಿಗೆ ಬೀಳುವ ಹಾಗೆ "ಪಾಪ, ತಾಯಿ ಬಿಟ್ಟು ಹೋದಳು" ಎನ್ನಬೇಡಿ. ಕರೆದು ಒಂದು ದೋಸೆ ಕೊಡಿ, ಅಮ್ಮನಿಗೆ ಇವತ್ತು ಏನು ಹೇಳಿದೆ ಎಂದು ಕೇಳಿ.